ಬಾಯ್ಲರ್ ಕೆಳಗಿನ ಐಸೊಲೇಶನ್ ವಾಲ್ವ್ ಸೋರ್ತಾ ಇದ್ರೆ ಏನ್ಮಾಡ್ಬೇಕು

ಸೆಂಟ್ರಲ್ ಹೀಟಿಂಗ್ (ಬಾಯ್ಲರ್ ಕಾಯಿಸಿದ ನೀರು ರೂಮುಗಳ ರೇಡಿಯೇಟರ್‌ಗಳಲ್ಲಿ ಸುತ್ತಿ ಮನೆ ಬೆಚ್ಚಗಿಡೋ ವ್ಯವಸ್ಥೆ) ಇರೋ ಮನೆಯವ್ರು ನಂಗೆ ಹೇಳೋ ದೂರು ಬಹುತೇಕ ಒಂದೇ, ಬಾಯ್ಲರ್ ಪ್ರೆಶರ್ ಇಳೀತಾನೇ ಇರತ್ತೆ, ಆಗಾಗ ಫಿಲ್ಲಿಂಗ್ ಲೂಪ್ (ಮೇನ್ ನೀರನ್ನ ಸಿಸ್ಟಮ್‌ಗೆ ತುಂಬೋ ಪೈಪ್) ತೆಗ್ದು ನೀರು ತುಂಬಿಸ್ತೀವಿ, ಆಮೇಲೆ ಸರಿಹೋಗತ್ತೆ ಅಂತ. ಸರಿಹೋಗಲ್ಲ ರೀ. ಮುಚ್ಚಿದ ಸಿಸ್ಟಮ್‌ನಲ್ಲಿ ಒಂದ್ಸಲ ತುಂಬಿದ ನೀರಲ್ಲಿರೋ ಆಕ್ಸಿಜನ್ ಸ್ವಲ್ಪ ದಿನದಲ್ಲೇ ಖರ್ಚಾಗಿ ತುಕ್ಕು ನಿಧಾನ ಆಗತ್ತೆ, ನೀವು ಹೊಸ ನೀರು ಬಿಟ್ಟಾಗೆಲ್ಲ ಹೊಸ ಆಕ್ಸಿಜನ್ ಒಳಗೆ ಬರತ್ತೆ, ತುಕ್ಕು ತಡೆಯೋಕೆ ಹಾಕಿದ್ದ ಇನ್‌ಹಿಬಿಟರ್ ದ್ರವ ತೆಳ್ಳಗಾಗತ್ತೆ, ರೇಡಿಯೇಟರ್ ಒಳಗಿನ ಉಕ್ಕು ಕಪ್ಪು ಕೆಸರಾಗಿ ಪಂಪ್‌ನಲ್ಲಿ, ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಹೋಗಿ ಕೂರತ್ತೆ. ಹಾಗಾಗಿ ತೊಟ್ಟಿಕ್ಕೋ ವಾಲ್ವ್ ಕೆಳಗೆ ಬಟ್ಟಲಿಟ್ಟು ಸುಮ್ನಿರ್ಬೇಡಿ.

ಬಾಯ್ಲರ್ ತಳದಲ್ಲಿ ಸಾಲಾಗಿ ಇರ್ತವಲ್ಲ, ಬಿಸಿನೀರು ರೇಡಿಯೇಟರ್‌ಗೆ ಹೋಗೋ ಫ್ಲೋ, ವಾಪಸ್ ಬರೋ ರಿಟರ್ನ್, ತಣ್ಣೀರಿನ ಇನ್‌ಲೆಟ್, ಗ್ಯಾಸ್, ಈ ಪೈಪ್‌ಗಳನ್ನ ಬಾಯ್ಲರ್ ಹತ್ರ ಮುಚ್ಚೋ ವಾಲ್ವ್‌ಗಳೇ ಐಸೊಲೇಶನ್ ವಾಲ್ವ್‌ಗಳು. ಇವನ್ನ ವರ್ಷಗಟ್ಲೆ ಯಾರೂ ಮುಟ್ಟಿರಲ್ಲ, ಒಳಗಿನ ಓ-ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಗಟ್ಟಿಯಾಗಿ ಕೂತಿರತ್ತೆ, ಸರ್ವಿಸ್ ದಿನ ಒಂದ್ಸಲ ತಿರುಗಿಸಿದ ಕೂಡ್ಲೇ ಸ್ಪಿಂಡಲ್ (ವಾಲ್ವ್ ತಿರುಗಿಸೋ ಕಡ್ಡಿ) ಹತ್ರ ಜಿನುಗೋಕೆ ಶುರು. ಸರ್ವಿಸ್ ಮಾಡಿದವ್ರ ತಪ್ಪೇ ಇರ್ಬೇಕು ಅಂತೇನಿಲ್ಲ, ವಾಲ್ವ್ ಮೊದ್ಲೇ ಸೋತಿರತ್ತೆ.

ಎಲ್ಲಿಂದ ಸೋರ್ತಿದೆ ಅಂತ ಖಚಿತ ಮಾಡ್ಕೊಳ್ದೆ ಸ್ಪ್ಯಾನರ್ ಎತ್ಬೇಡಿ, ಅರ್ಧ ಕೆಲ್ಸ ಇದೇ. ಬಾಯ್ಲರ್ ಬಿಸಿ ಇದ್ದಾಗ ಹನಿ ಅಲ್ಲೇ ಆವಿಯಾಗಿ ಬರೀ ಬಿಳಿ ಅಥ್ವಾ ಹಸಿರು ಹೊಪ್ಪಳೆ ಉಳಿಯತ್ತೆ, ನೀರು ಕಾಣಿಸೋದೇ ಇಲ್ಲ. ಪೂರ್ತಿ ತಣ್ಣಗಾದ್ಮೇಲೆ ಎಲ್ಲಾ ಒಣಗೋ ಹಾಗೆ ಒರೆಸಿ, ಪ್ರತಿ ಜಾಯಿಂಟ್‌ಗೂ ಬೇರೆ ಬೇರೆ ಟಿಶ್ಯೂ ಸುತ್ತಿ, ಒಂದ್ಗಂಟೆ ಬಿಟ್ಟು ಯಾವ್ದು ಒದ್ದೆ ಆಗಿದೆ ನೋಡಿ. ಮೇಲಿಂದ ಇಳಿದ ನೀರು ಕೆಳಗಿನ ನಟ್ ತುದಿಯಲ್ಲಿ ನೇತಾಡ್ತಿರತ್ತೆ, ಅದನ್ನ ನಂಬಿ ಆ ನಟ್ ಬಿಗಿ ಮಾಡೋರೇ ಜಾಸ್ತಿ.

ಸೋರೋದು ವಾಲ್ವ್‌ಗೂ ಬಾಯ್ಲರ್‌ಗೂ ನಡುವಿನ ಯೂನಿಯನ್ ನಟ್ (ಎರಡನ್ನೂ ಜೋಡಿಸೋ ದೊಡ್ಡ ನಟ್) ಹತ್ರ ಆದ್ರೆ ನಿಮ್ಮ ಅದೃಷ್ಟ, ಕರೆಂಟ್ ಆಫ್ ಮಾಡಿ, ತಣ್ಣಗಾದ್ಮೇಲೆ ಫ್ಲೋ ರಿಟರ್ನ್ ಎರಡೂ ಮುಚ್ಚಿ, ಬಾಯ್ಲರ್ ಒಳಗಿನ ನೀರಷ್ಟೇ ಇಳಿಸಿ ಫೈಬರ್ ವಾಷರ್ ಬದಲಾಯಿಸಿದ್ರೆ ಮುಗೀತು. ಹಳೇ ವಾಷರ್ ಮತ್ತೆ ಹಾಕ್ಬೇಡಿ. ಸ್ಪಿಂಡಲ್‌ನಲ್ಲಿ ಗ್ಲ್ಯಾಂಡ್ ನಟ್ (ಸ್ಪಿಂಡಲ್ ಸುತ್ತಿನ ಸೀಲ್ ಒತ್ತಿಹಿಡಿಯೋ ನಟ್) ಇದ್ರೆ ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿ ಮಾಡಿ ನೋಡ್ಬಹುದು, ಎಷ್ಟೋ ಸಲ ಅಷ್ಟಕ್ಕೇ ನಿಲ್ಲತ್ತೆ. ಗ್ಲ್ಯಾಂಡ್ ನಟ್ಟೇ ಇಲ್ಲದ, ಬರೀ ಓ-ರಿಂಗ್ ಇರೋ ವಾಲ್ವ್ ಆದ್ರೆ ಪೂರ್ತಿ ಬದಲಾಯಿಸೋದೇ ಒಳ್ಳೇದು. ಲೀಕ್ ಸೀಲರ್ ದ್ರವ ಸುರಿಯೋದು ನಂಗೆ ಇಷ್ಟ ಇಲ್ಲ, ಬಾಯ್ಲರ್‌ನ ಸಣ್ಣ ದಾರಿಗಳಲ್ಲೂ ಅದು ಕೂರ್ಬಹುದು. ತಣ್ಣೀರಿನ ವಾಲ್ವ್ ಸೋರ್ತಿದ್ರೆ ಹೀಟಿಂಗ್ ಖಾಲಿ ಮಾಡೋದೇ ಬೇಡ, ಮನೆಯ ಮೇನ್ ನೀರು ನಿಲ್ಲಿಸಿ, ಟ್ಯಾಪ್ ತೆಗ್ದು ಉಳಿದ ನೀರು ಬಿಟ್ರೆ ಸಾಕು.

ಫ್ಲೋ ಅಥ್ವಾ ರಿಟರ್ನ್ ವಾಲ್ವೇ ಹೋಗಿದ್ರೆ ಪೈಪ್ ಕಡೆಯ ನೀರನ್ನ ತಡೆಯೋಕೆ ಬೇರೇನೂ ಇಲ್ಲ, ಸಿಸ್ಟಮ್ ಇಳಿಸ್ಲೇಬೇಕು. ಅತಿ ಕೆಳಗಿನ ಡ್ರೈನ್ ಕಾಕ್‌ಗೆ ಹೋಸ್ ಕಟ್ಟಿ ಹೊರಗೆ ಬಿಡಿ, ಪ್ರೆಶರ್ ಸೊನ್ನೆಗೆ ಬಂದ್ಮೇಲೆ ಮೇಲಿನ ರೇಡಿಯೇಟರ್‌ಗಳ ಬ್ಲೀಡ್ ವಾಲ್ವ್ (ಗಾಳಿ ಬಿಡೋ ಸಣ್ಣ ವಾಲ್ವ್) ತೆಗೀರಿ, ಗಾಳಿ ಒಳಗೆ ಹೋದ್ರೇನೇ ನೀರು ಇಳಿಯೋದು. ರೇಡಿಯೇಟರ್‌ಗಳ ಎರಡೂ ಬದಿ ಮೊದ್ಲೇ ಮುಚ್ಚಿಟ್ರೆ ಅವುಗಳಲ್ಲಿನ ನೀರು ಅಲ್ಲೇ ಉಳಿಯತ್ತೆ, ಹಾಗೆ ಮಾಡಿದ್ರೆ ಅವುಗಳ ಬ್ಲೀಡ್ ತೆಗೀಬೇಡಿ, ಲಾಕ್‌ಶೀಲ್ಡ್ (ರೇಡಿಯೇಟರ್‌ನ ಒಂದು ಬದಿಯ, ಹರಿವು ಹೊಂದಿಸೋ ವಾಲ್ವ್) ಎಷ್ಟು ಸುತ್ತು ಮುಚ್ಚಿದ್ರಿ ಅಂತ ಬರ್ದಿಡಿ, ಇಲ್ಲಾಂದ್ರೆ ರೇಡಿಯೇಟರ್‌ಗಳಿಗೆ ನೀರು ಹಂಚೋ ಬ್ಯಾಲೆನ್ಸ್ ಕೆಡತ್ತೆ. ಇಷ್ಟೆಲ್ಲ ಇಳಿಸಿದ್ಮೇಲೆ ಒಂದೇ ವಾಲ್ವ್ ಹಾಕಿ ಬರೋದು ನಂಗೆ ಮನಸ್ಸಿಗೆ ಒಪ್ಪಲ್ಲ, ಎರಡೂ ಒಂದೇ ವಯಸ್ಸಿನವು, ಜೋಡಿಯಾಗೇ ಬದಲಾಯಿಸ್ತೀನಿ.

ಹೊಸ ವಾಲ್ವ್ ಅದೇ ಬಾಯ್ಲರ್ ಮಾಡೆಲ್‌ಗೆ ಬರೋದೇ ತಗೊಳ್ಳಿ, ಉದ್ದ ಸ್ವಲ್ಪ ಬೇರೆ ಇದ್ರೂ ಪೈಪ್ ಎಳೆದಾಡ್ಬೇಕಾಗತ್ತೆ. ಬಿಚ್ಚುವಾಗ್ಲೂ ಬಿಗಿಯುವಾಗ್ಲೂ ಎರಡು ಸ್ಪ್ಯಾನರ್ ಬೇಕೇ ಬೇಕು, ಒಂದು ವಾಲ್ವ್ ಬಾಡಿ ಅಲ್ಲಾಡದ ಹಾಗೆ ಹಿಡಿಯೋಕೆ, ಇನ್ನೊಂದು ನಟ್ ತಿರುಗಿಸೋಕೆ, ಯಾಕಂದ್ರೆ ಎಷ್ಟೋ ಬಾಯ್ಲರ್‌ಗಳಲ್ಲಿ ಪೈಪ್‌ಗಳು ಸೇರೋ ಒಳಗಿನ ಹೈಡ್ರಾಲಿಕ್ ಬ್ಲಾಕ್ ಪ್ಲಾಸ್ಟಿಕ್‌ದು, ತಿರುಚಿದ್ರೆ ಸೀಳತ್ತೆ, ಆಮೇಲೆ ಒಂದು ವಾಲ್ವ್ ಕೆಲ್ಸ ಹೋಗಿ ದೊಡ್ಡ ರಿಪೇರಿ ಆಗತ್ತೆ. ಪೈಪ್‌ಗೆ ಬೆಸುಗೆ ಹಾಕೋದಿದ್ರೆ ವಾಲ್ವ್ ಕೂರಿಸೋಕೆ ಮೊದ್ಲೇ ಹಾಕಿ ತಣ್ಣಗಾಗ್ಲಿ, ಇಲ್ಲಾಂದ್ರೆ ಒಳಗಿನ ಸೀಲ್ ಸುಟ್ಟೋಗತ್ತೆ.

ಗ್ಯಾಸ್ ವಾಲ್ವ್ ಮಾತ್ರ ಮುಟ್ಬೇಡಿ. ಒಂದು ನಟ್ ಸಡಿಲ ಮಾಡಿ ನೋಡೋದೂ ಬೇಡ, ಅದು ಲೈಸೆನ್ಸ್ ಇರೋರ ಕೆಲ್ಸ. ಗ್ಯಾಸ್ ವಾಸ್ನೆ ಬಂದ್ರೆ ಮೀಟರ್ ಹತ್ರ ಸಪ್ಲೈ ಮುಚ್ಚಿ, ಕಿಟಕಿ ತೆಗೀರಿ, ಸ್ವಿಚ್ ಯಾವ್ದೂ ಮುಟ್ಟದೆ ಹೊರಗೆ ಹೋಗಿ ಗ್ಯಾಸ್ ಎಮರ್ಜೆನ್ಸಿಗೆ ಫೋನ್ ಮಾಡಿ.

ಪ್ರೆಶರ್ ಸೊನ್ನೆ ಇರುವಾಗ್ಲೇ ಎಕ್ಸ್‌ಪಾನ್ಶನ್ ವೆಸೆಲ್‌ನ (ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡೋ, ಗಾಳಿ ತುಂಬಿದ ಪಾತ್ರೆ) ಗಾಳಿಯನ್ನೂ ನೋಡ್ಬಿಡಿ, ಮನೆ ಬಾಯ್ಲರ್‌ಗಳಲ್ಲಿ ಸಾಮಾನ್ಯವಾಗಿ 0.75ರಿಂದ 1 ಬಾರ್ ಇರತ್ತೆ. ಗಾಳಿ ತುಂಬೋ ಪಿನ್ ಒತ್ತಿದಾಗ ನೀರು ಬಂದ್ರೆ ಒಳಗಿನ ಡಯಾಫ್ರಮ್ ಹರಿದಿದೆ ಅಂತ, ಆಗ ಬಿಸಿಯಾದಾಗ 3 ಬಾರ್ ದಾಟಿ ಸೇಫ್ಟಿ ವಾಲ್ವ್‌ನಿಂದ ನೀರು ಹೋಗ್ತಿರತ್ತೆ, ಪ್ರೆಶರ್ ಇಳಿಯೋಕೆ ಅದೂ ಕಾರಣ ಇರ್ಬಹುದು. ಆಮೇಲೆ ಇನ್‌ಹಿಬಿಟರ್ ಹಾಕಿ ನಿಧಾನಕ್ಕೆ ತುಂಬಿಸಿ, ಕೆಳಗಿನ ರೇಡಿಯೇಟರ್‌ನಿಂದ ಮೇಲಕ್ಕೆ ಗಾಳಿ ಬಿಡ್ತಾ ಬನ್ನಿ, ತಣ್ಣಗಿದ್ದಾಗ 1ರಿಂದ 1.5 ಬಾರ್‌ಗೆ ನಿಲ್ಲಿಸಿ ಫಿಲ್ಲಿಂಗ್ ಲೂಪ್ ಬಿಚ್ಚಿಡಿ. ಒಂದ್ಸಲ ಚೆನ್ನಾಗಿ ಬಿಸಿ ಮಾಡಿ ಪೂರ್ತಿ ತಣ್ಣಗಾಗೋಕೆ ಬಿಟ್ಟು ಜಾಯಿಂಟ್‌ಗಳನ್ನ ಮತ್ತೆ ನೋಡಿ, ಹೊಸ ವಾಷರ್ ಅಷ್ಟರಲ್ಲಿ ಕೂತಿರತ್ತೆ, ಒಂಚೂರು ಬಿಗಿ ಬೇಕಾದ್ರೆ ಆಗ ಮಾಡ್ಬಹುದು.