ಜೂನನ್ನು ಜೂನಿನ ಪಕ್ಕದಲ್ಲಿಟ್ಟು ನೋಡಿ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ನೆರೆಮನೆಯ ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ಒಂದು ತೊಟ್ಟೆ ಮೈಲುತುತ್ತು, ಇನ್ನೊಂದು ತೊಟ್ಟೆಯಲ್ಲಿ ಸುಣ್ಣ. ಅಡಿಕೆಗೆ ಮದ್ದು ಬಿಡುವವರು ಎಂಟು ಗಂಟೆಗೇ ಬಂದು ಜಗಲಿಯಲ್ಲಿ ಕೂತಿದ್ದರು. ಪ್ರತಿವರ್ಷ ಬೋರ್ಡೋ, ಅಂದರೆ ಕೊಳೆರೋಗಕ್ಕೆ ಬಿಡುವ ತುತ್ತು ಸುಣ್ಣದ ದ್ರಾವಣ, ಕದಡುತ್ತಿದ್ದ ಆಳಿಗೆ ಅಂದು ಜ್ವರ. ಮನೆಯ ಯಜಮಾನರು, ನಾನು ಅಣ್ಣ ಎಂದು ಕರೆಯುವವರು, ಮೊಬೈಲಿನಲ್ಲಿ ನನ್ನ ಬ್ಲಾಗನ್ನೇ ತೆರೆದು ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ನಿಂತಿದ್ದರು. ನನ್ನನ್ನು ಕಂಡದ್ದೇ ಕೇಳಿದರು: "ಎಂತ ಮಾರಾಯ, ತುತ್ತಿಗೆ ಸುಣ್ಣ ಹಾಕುವುದಾ, ಸುಣ್ಣಕ್ಕೆ ತುತ್ತು ಹಾಕುವುದಾ? ಅದು ಇದರಲ್ಲಿ ಎಲ್ಲಿ ಉಂಟು?"

ಇತ್ತು, ಐದನೆಯ ಪ್ಯಾರಾದಲ್ಲಿ. ಅದಕ್ಕಿಂತ ಮೊದಲು ಫ್ರಾನ್ಸಿನ ದ್ರಾಕ್ಷಿತೋಟಗಳ ಕಥೆ, 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಈ ದ್ರಾವಣದ ಬಗ್ಗೆ ಬರೆದದ್ದು, ಮುಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಮಾಡಿದ ಕೆಲಸ. ಬರೆಯುವಾಗ ನನಗೆ ಬಹಳ ಇಷ್ಟವಾಗಿದ್ದ ಭಾಗ ಅದು. ಆದರೆ ಕೂಲಿಯವರು ಕಾಯುತ್ತಿರುವಾಗ, ಪಡುವಣದಲ್ಲಿ ಮೋಡ ಕಟ್ಟಿರುವಾಗ ಅಣ್ಣನಿಗೆ ಬೇಕಾದದ್ದು ನಾಲ್ಕೇ ಸಾಲು. ಒಂದು ಕಿಲೋ ತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕದಡುತ್ತಿರಿ, ತಿರುಗಾಮುರುಗಾ ಮಾಡಬೇಡಿ, ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಿ.

ಆ ತಿಂಗಳು ನನ್ನ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ತೆರೆದ ಬರಹ ಅದೇ. ಬ್ಲಾಗಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಈಗ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತ ಭೇಟಿಯನ್ನು 'ತೊಡಗಿಕೊಂಡ ಭೇಟಿ' ಎಂದು ಎಣಿಸುತ್ತದೆ. ಅಣ್ಣ ಮೂರು ನಿಮಿಷ ಹುಡುಕಿದರು. ಅವರು ಹುಡುಕಿ ಸೋತ ಆ ಮೂರು ನಿಮಿಷ ನನ್ನ ಲೆಕ್ಕದಲ್ಲಿ ಗೆಲುವಾಗಿ ದಾಖಲಾಗಿತ್ತು. ಅಂದಿನಿಂದ ನಾನು ಬ್ಲಾಗಿನ ಪ್ರಗತಿಯನ್ನು ಅಳೆಯುವ ರೀತಿಯನ್ನೇ ಬದಲಿಸಿದೆ.

ಬೇರೆಯವರ ಬ್ಲಾಗುಗಳ ಲೆಕ್ಕ ನೋಡಿಕೊಡುವುದೂ ನನ್ನ ಕೆಲಸದ ಒಂದು ಭಾಗ. ನಮ್ಮ ಕಾಸರಗೋಡಿನ ಕುಂಬಳೆ, ಮುಳ್ಳೇರಿಯ, ಪೆರ್ಲದ ಕಡೆಯ ಬರಹಗಾರರು ಫೋನ್ ಮಾಡಿದಾಗ ಮೊದಲು ಕೇಳುವುದು, "ಹೋದ ತಿಂಗಳಿಗಿಂತ ಈ ತಿಂಗಳು ಕಡಿಮೆಯಾಗಿದೆ, ಏನು ಮಾಡುವುದು?" ಎಂದು. ಹೋದ ತಿಂಗಳಿನ ಜೊತೆ ಹೋಲಿಸುವುದೇ ಮೊದಲ ತಪ್ಪು. ಯಾವ ಕೃಷಿಕನೂ ಜನವರಿಯ ಅಡಿಕೆ ಕೊಯ್ಲನ್ನು ಜುಲೈ ಜೊತೆ ಹೋಲಿಸಿ ತೋಟ ಹಾಳಾಯಿತು ಎನ್ನುವುದಿಲ್ಲ. ಓದುಗರಿಗೂ ಕಾಲಮಾನ ಇದೆ. ನನ್ನ ಕೊಳೆರೋಗದ ಬರಹ ಮೇ ಕೊನೆಗೆ ಏರಿ, ಮಳೆ ಬಿಡುವಾಗ ತಾನಾಗಿ ಇಳಿಯುತ್ತದೆ. ಯಕ್ಷಗಾನದ ಬಗ್ಗೆ ಬರೆಯುವ ಗೆಳೆಯನೊಬ್ಬ ಆಗಸ್ಟಿನಲ್ಲಿ ಬ್ಲಾಗು ನಿಲ್ಲಿಸುತ್ತೇನೆ ಎಂದು ಕೂತಿದ್ದ. ಮಾರ್ಚಿಗಿಂತ ಓದುಗರು ಅರ್ಧಕ್ಕೆ ಇಳಿದಿದ್ದರಂತೆ. ಮೇಳಗಳ ತಿರುಗಾಟವೇ ಇಲ್ಲದ ತಿಂಗಳು ಅದು! ಹಿಂದಿನ ವರ್ಷದ ಆಗಸ್ಟಿನ ಪಕ್ಕದಲ್ಲಿಟ್ಟು ನೋಡಿದಾಗ ಸಂಖ್ಯೆ ಹೆಚ್ಚೇ ಇತ್ತು. ಅವನು ಈಗಲೂ ಬರೆಯುತ್ತಿದ್ದಾನೆ, ನನಗೆ ಅದರಷ್ಟು ಸಂತೋಷ ಬೇರೆ ಇಲ್ಲ.

ಹೀಗೆ ಹೋಲಿಸಬೇಕಾದರೆ ಹಳೆಯ ಅಂಕಿ ಕೈಯಲ್ಲಿರಬೇಕು. ಹುಡುಕಾಟದಿಂದ ಬಂದವರನ್ನು ಎಣಿಸುವ ಗೂಗಲ್ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕವನ್ನು ಮಾತ್ರ ತೋರಿಸುತ್ತದೆ. ಈ ಜೂನನ್ನು ಹೋದ ಜೂನಿನ ಜೊತೆ ನೋಡಬಹುದು, ಅದರ ಹಿಂದಿನ ಜೂನಿನ ಜೊತೆ ನೋಡಲಾಗದು. ಅನಾಲಿಟಿಕ್ಸಿನ ಹಳೆಯ ರೂಪ 2023ರ ಜುಲೈ 1ರಿಂದ ಎಣಿಸುವುದನ್ನು ನಿಲ್ಲಿಸಿತು. ಮರುವರ್ಷದ ಜುಲೈಯಿಂದ ಅದರೊಳಗಿನ ಹಳೆಯ ಲೆಕ್ಕವೂ ಸಿಗದಾಯಿತು. ಮೊದಲೇ ಇಳಿಸಿಟ್ಟುಕೊಳ್ಳದವರ ಎಷ್ಟೋ ವರ್ಷಗಳ ಲೆಕ್ಕ ಹಾಗೇ ಹೋಯಿತು. ನಾನು ಅದಕ್ಕೇ ತಿಂಗಳ ಕೊನೆಗೆ ಒಂದು ಉದ್ದ ನೋಟುಪುಸ್ತಕದಲ್ಲಿ ಕೈಯಿಂದಲೇ ಬರೆದಿಡುತ್ತೇನೆ: ಹುಡುಕಾಟದಿಂದ ಬಂದವರೆಷ್ಟು, ಹೆಚ್ಚು ಓದಿದ ಮೂರು ಬರಹ ಯಾವುವು, ಯಾರು ಏನು ಕೇಳಿದರು, ಯಾವ ತಪ್ಪು ತಿದ್ದಿದೆ. ಒಂದು ತಿಂಗಳಿಗೆ ಅರ್ಧ ಪುಟ ಸಾಕು.

ವರ್ಷದ ದೊಡ್ಡ ಲೆಕ್ಕಕ್ಕೆ ನಾನು ಇಟ್ಟುಕೊಂಡ ದಿನ ಪತ್ತನಾಜೆ, ತುಳು ಪಂಚಾಂಗದ ಬೇಶ ತಿಂಗಳ ಹತ್ತು, ಮೇ ಕೊನೆಯ ಹೊತ್ತಿಗೆ ಬರುತ್ತದೆ. ಅಂದು ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳು ನಿಲ್ಲುತ್ತವೆ, ಊರಿಗೆ ಊರೇ ಮಳೆಗೆ ಕಾಯುತ್ತದೆ. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮೊದಲ ಸಿಂಪಡಣೆ ಆಗಬೇಕು. ಓದುಗರು ಬರುವ ಮೊದಲೇ ಬರಹ ತಿದ್ದಿಡಬೇಕಾದರೆ ನನಗೆ ಅದೇ ಸರಿಯಾದ ಹೊತ್ತು. ನಿಮ್ಮ ವಿಷಯ ಬೇರೆಯಾದರೆ ದಿನವೂ ಬೇರೆ. ಪರೀಕ್ಷೆಯ ಬಗ್ಗೆ ಬರೆಯುವವರು ಮಾರ್ಚಿನವರೆಗೆ ಕಾದರೆ ತಡವಾಯಿತು.

ಆ ದಿನ ನಾನು ಹೆಚ್ಚು ಹೊತ್ತು ಕೂರುವುದು ಸರ್ಚ್ ಕನ್ಸೋಲಿನ ಹುಡುಕುಪದಗಳ ಪಟ್ಟಿಯ ಮುಂದೆ. ನಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ನನಗೆ ಸಂಖ್ಯೆಗಿಂತ ಪದಗಳೇ ಮುಖ್ಯ. ನಾನು 'ಕೊಳೆರೋಗ' ಎಂದು ಬರೆದಿದ್ದೆ. ನಮ್ಮ ಊರಿನವರು 'ಮಹಾಳಿ' ಎಂದು ಹುಡುಕುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರಂತೂ ಬಹಳ. 'ಬೋರ್ಡೋ ಎಷ್ಟು ದಿನ ಇಡಬಹುದು' ಎಂಬ ಪ್ರಶ್ನೆಗೆ ನನ್ನ ಪುಟ ಕಾಣಿಸುತ್ತಿತ್ತು, ಯಾರೂ ಒತ್ತುತ್ತಿರಲಿಲ್ಲ. ಯಾಕೆಂದರೆ ಮಾಡಿದ ದಿನವೇ ಬಳಸಿ ಮುಗಿಸಬೇಕು ಎಂಬ ಸಾಲೇ ಬರಹದಲ್ಲಿರಲಿಲ್ಲ. ಇದಕ್ಕಿಂತ ಒಳ್ಳೆಯ ವಿಮರ್ಶಕ ನನಗೆ ಈವರೆಗೆ ಸಿಕ್ಕಿಲ್ಲ. ಒಂದು ವಿಷಯ ತಿಳಿದಿರಲಿ: ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ಮುಚ್ಚಿಡುತ್ತದೆ. ಕನ್ನಡದ ಸಣ್ಣ ಬ್ಲಾಗುಗಳಿಗೆ ಹೀಗೆ ಮರೆಯಾಗುವ ಪಾಲೇ ದೊಡ್ಡದು. ಪಟ್ಟಿಯ ಮೊತ್ತ ಮೇಲಿನ ಒಟ್ಟು ಸಂಖ್ಯೆಗೆ ಹೊಂದದಿದ್ದರೆ ಗಾಬರಿ ಬೇಡ.

ಉಳಿದ ಅಂಕಿಗಳನ್ನು ಬೇಗ ನೋಡಿ ಮುಗಿಸಬಹುದು. ಬ್ಲಾಗರ್‌ನಲ್ಲಿ ಬರೆಯುವವರು ನಿಮ್ಮದೇ ಭೇಟಿಗಳನ್ನು ಎಣಿಸದಂತೆ ಮಾಡುವ ಆಯ್ಕೆಯನ್ನು ಇವತ್ತೇ ಒತ್ತಿ. ದಿನಕ್ಕೆ ಮೂವತ್ತು ಭೇಟಿಯಲ್ಲಿ ಹತ್ತು ನಿಮ್ಮವೇ ಇರಬಹುದು. ಅನಾಲಿಟಿಕ್ಸಿನಲ್ಲಿ 'ನೇರ' ಎಂದು ತೋರುವ ಸಾಲಿನಲ್ಲಿ ವಾಟ್ಸಾಪಿನಿಂದ ಬಂದವರೂ ಸೇರಿರುತ್ತಾರೆ. ಕುಟುಂಬದ ಗುಂಪಿನಲ್ಲಿ ಯಾರಾದರೂ ಕೊಂಡಿ ಹಂಚಿದ ದಿನ ಆ ಸಾಲು ಒಮ್ಮೆಲೇ ಏರಿ ಮರುದಿನ ಬೀಳುತ್ತದೆ. ಓದುಗರ ಊರಿನ ಹೆಸರನ್ನೂ ಪೂರ್ತಿ ನಂಬಬೇಡಿ, ಮೊಬೈಲ್ ನೆಟ್‌ವರ್ಕಿನಲ್ಲಿ ಓದುವವರ ಊರು ಬೇರೆಯೇ ಕಾಣುವುದುಂಟು.

ಗಡಿಯಲ್ಲಿ ಕೂತು ಬರೆಯುವವರು ಇನ್ನೊಂದನ್ನು ಪರೀಕ್ಷಿಸಿಕೊಳ್ಳಬೇಕು. ಇದನ್ನು ಯಾವ ಯಂತ್ರವೂ ಎಣಿಸಿ ಕೊಡುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಅಂದಿನಿಂದ ನಮ್ಮ ಕಚೇರಿ ಕಾಗದವೆಲ್ಲ ಕೇರಳದ್ದು. "ಕೃಷಿಭವನಕ್ಕೆ ಅರ್ಜಿ ಕೊಡಿ" ಎಂದು ನಾನು ಸಲೀಸಾಗಿ ಬರೆಯುತ್ತೇನೆ. ಬದಿಯಡ್ಕದವರಿಗೆ ತಕ್ಷಣ ಗೊತ್ತಾಗುತ್ತದೆ. ಗಡಿಯಾಚೆ ಕರ್ನಾಟಕದ ಸುಳ್ಯದಿಂದ ಒಬ್ಬರು ಫೋನ್ ಮಾಡಿ, "ನಮ್ಮ ಕಡೆ ಅದು ಎಲ್ಲಿ ಉಂಟು?" ಎಂದು ಕೇಳಿದಾಗಲೇ ಹೊಳೆದದ್ದು, ಅವರಿಗೆ ಬೇಕಾದದ್ದು ರೈತ ಸಂಪರ್ಕ ಕೇಂದ್ರ ಎಂದು. ಒಂದೇ ಅಡಿಕೆ, ಒಂದೇ ಕನ್ನಡ, ಸಬ್ಸಿಡಿಯ ದಾರಿ ಮಾತ್ರ ಎರಡು. ಈಗ ಅಂಥ ಬರಹಗಳಲ್ಲಿ ಎರಡೂ ಕಡೆಯ ಹೆಸರು ಬರೆಯುತ್ತೇನೆ. ಹಳೆಯ ಇಪ್ಪತ್ತು ಬರಹ ತೆರೆದು ನೋಡಿದಾಗ ಏಳರಲ್ಲಿ ಈ ತೊಡಕಿತ್ತು. ಕಾಸರಗೋಡಿನ ಕನ್ನಡ ಓದುಗರನ್ನು ನಾವು ಬಿಟ್ಟರೆ ಅವರಿಗಾಗಿ ಬರೆಯುವವರು ಕಡಿಮೆ, ಆದ್ದರಿಂದ ಅವರ ಮಾತನ್ನು ತೆಗೆದುಹಾಕಲು ನಾನು ಒಪ್ಪುವುದಿಲ್ಲ. ಅದರ ಪಕ್ಕದಲ್ಲಿ ಆಚೆಯವರ ಹೆಸರಿಗೂ ಜಾಗ ಮಾಡಿದರೆ ಸಾಕು.

ಅಳತೆ ಹೇಳುವ ಬರಹಗಳನ್ನು ವರ್ಷಕ್ಕೊಮ್ಮೆ ತಿಳಿದವರ ಮುಂದಿಡುವುದು ಕಡ್ಡಾಯ. ನಮಗೆ ಅದಕ್ಕೆ ದೂರ ಹೋಗಬೇಕಾಗಿಲ್ಲ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಕಾಸರಗೋಡಿನಲ್ಲೇ ಇದೆ. ಶಿಫಾರಸು ಬದಲಾಗಿದ್ದರೆ ತಿದ್ದಿ, ತಿದ್ದಿದ ದಿನಾಂಕವನ್ನು ಬರಹದ ತಲೆಯಲ್ಲೇ ಹಾಕಿ. ಆಮೇಲೆ ಮೂರು ವರ್ಷದ ಹಿಂದಿನ ಒಂದು ಬರಹವನ್ನು ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಳ್ಳುವ ವಾಕ್ಯ, ಯಾರೂ ಆಡದ ಪದ, ಎರಡು ಸಲ ಹೇಳಿದ ಮಾತು ಕಿವಿಗೆ ತಾನಾಗಿ ಬೀಳುತ್ತವೆ. ಆಗ ಕಾಣದಿದ್ದ ತಪ್ಪು ಈಗ ಕಂಡರೆ ನೀವು ಮುಂದೆ ಬಂದಿದ್ದೀರಿ ಎಂದೇ ಅರ್ಥ, ಓದುಗರ ಸಂಖ್ಯೆ ಏನೇ ಹೇಳಲಿ.

ಈ ವರ್ಷ ಪತ್ತನಾಜೆಯ ಮರುದಿನ ಬೋರ್ಡೋ ಬರಹವನ್ನು ಹೊಸದಾಗಿ ಬರೆದೆ. ಅಳತೆ ಮೊದಲ ಸಾಲಿಗೆ ಬಂತು, ಫ್ರಾನ್ಸು ಕೊನೆಗೆ ಹೋಯಿತು, ತಲೆಬರಹದಲ್ಲಿ 'ಮಹಾಳಿ' ಸೇರಿತು. ಸಂಜೆ ಅಣ್ಣನ ಅಂಗಳಕ್ಕೆ ಹೋಗಿ ಅವರ ಮೊಬೈಲಿನಲ್ಲೇ ತೆರೆದುಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂತೆ. ಅಣ್ಣ ಕನ್ನಡಕ ಹಾಕಿಕೊಂಡು ಓದಿದರು. ಕತ್ತಿಯ ಸಾಲಿಗೆ ಬಂದಾಗ ಒಳಗೆ ಹೋಗಿ ಒಂದು ಕತ್ತಿ ತಂದು, ಅಲಗನ್ನು ತಿರುಗಿಸಿ ನೋಡಿದರು.

"ಎಷ್ಟು ಹೊತ್ತು ಅದ್ದಿ ಹಿಡಿಯಬೇಕು ಇದನ್ನು?"

ಅದನ್ನು ನಾನು ಬರೆದಿರಲಿಲ್ಲ. ಒಂದು ನಿಮಿಷ ಎಂದು ಅಲ್ಲೇ ಕೂತು ಸೇರಿಸಿದೆ.