ಟೇಲರ್‌ನ ವೈಜ್ಞಾನಿಕ ನಿರ್ವಹಣೆ: ಮೊದಲು ಕೂಲಿಯ ಲೆಕ್ಕ ತಿಳಿಯಿರಿ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸೀಸನ್‌ನಲ್ಲಿ ಹಮಾಲರು ಲಾರಿಗೆ ಲೋಡ್ ಮಾಡೋದನ್ನು ನೋಡಿರ್ತೀರಿ. ಚೀಲದ ಲೆಕ್ಕದಲ್ಲಿ ಕೂಲಿ ಅಂತಿಟ್ಟುಕೊಳ್ಳಿ. ಜಾಸ್ತಿ ಚೀಲ ಹೊತ್ತ ಕೂಡಲೇ ಮಾಲೀಕರು ಚೀಲದ ರೇಟನ್ನೇ ಇಳಿಸಿಬಿಟ್ಟರೆ? ಮರುದಿನದಿಂದ ಯಾರೂ ಬೇಗ ಬೇಗ ಹೊರಲ್ಲ, ಅಲ್ವಾ?

ಟೇಲರ್ ಕಂಡದ್ದು ಇದನ್ನೇ. ಅಮೆರಿಕದ ಫಿಲಡೆಲ್ಫಿಯಾದ ಫ್ರೆಡ್ರಿಕ್ ವಿನ್ಸ್‌ಲೋ ಟೇಲರ್ (1856–1915) 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಮೇಸ್ತ್ರಿಯಾದರು, ಆಮೇಲೆ ಮುಖ್ಯ ಎಂಜಿನಿಯರ್ ಆದರು. ಅಲ್ಲಿನವರು ಬೇಕಂತಲೇ ನಿಧಾನ ಮಾಡುತ್ತಿದ್ದರು. ಇದನ್ನು ಪರೀಕ್ಷೆಯಲ್ಲಿ ಸುಮ್ನೆ 'ಸೋಮಾರಿತನ' ಅಂತ ಬರೆಯಬೇಡಿ. ಹೆಚ್ಚು ಮಾಡಿದರೆ ರೇಟ್ ಇಳಿಯುತ್ತದೆ ಎಂಬ ಭಯ ಅದರ ಹಿಂದಿತ್ತು. ಟೇಲರ್ ಕೂಡ ಇದನ್ನು ಒಪ್ಪಿದ್ದರು. ದಿನಕ್ಕೆ ಇಷ್ಟು ಕೆಲಸ ನ್ಯಾಯ ಅಂತ ಮಾಲೀಕರಿಗೇ ಗೊತ್ತಿಲ್ಲ, ಅದನ್ನು ಅಳೆಯೋಣ ಅಂತ ಸ್ಟಾಪ್‌ವಾಚ್ ಹಿಡಿದರು. ಹೀಗೆ ಅಂದಾಜು ಬಿಟ್ಟು ಅಳತೆಯ ಮೇಲೆ ಕೆಲಸ ನಡೆಸುವುದೇ ವೈಜ್ಞಾನಿಕ ನಿರ್ವಹಣೆ.

ಟೇಲರ್ ಆಮೇಲೆ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಮಾಡಿದ ಸಲಿಕೆ ಪ್ರಯೋಗವನ್ನು ಚೆನ್ನಾಗಿ ಓದಿಕೊಳ್ಳಿ. ಅಲ್ಲಿ ಒಬ್ಬೊಬ್ಬರೂ ತಮ್ಮದೇ ಸಲಿಕೆ ತರುತ್ತಿದ್ದರು. ಅದೇ ಸಲಿಕೆಯಲ್ಲಿ ಪುಡಿ ಕಲ್ಲಿದ್ದಲು ಎತ್ತಿದರೆ ಭಾರವೇ ಇಲ್ಲ, ಅದಿರು ಎತ್ತಿದರೆ ಸೊಂಟ ಬೀಳುತ್ತಿತ್ತು. ಅಳೆದು ನೋಡಿದಾಗ ಒಂದು ಸಲಕ್ಕೆ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕೆಜಿ ಎತ್ತಿದರೆ ದಿನದ ಕೆಲಸ ಅತಿ ಹೆಚ್ಚು ಸಾಗುತ್ತದೆ ಅಂತ ಗೊತ್ತಾಯಿತು. ಆಮೇಲೆ ಹಗುರ ಮಾಲಿಗೆ ದೊಡ್ಡ ಸಲಿಕೆ, ಅದಿರಿಗೆ ಚಿಕ್ಕ ಸಲಿಕೆ. ಎಲ್ಲವನ್ನೂ ಕಂಪನಿಯೇ ಕೊಟ್ಟಿತು.

ಅಲ್ಲೇ ಬೀಡು ಕಬ್ಬಿಣದ (ಕುಲುಮೆಯಿಂದ ಬಂದ ಕಚ್ಚಾ ಕಬ್ಬಿಣ) ಗಟ್ಟಿ ಹೊರುವ ಕೆಲಸದಲ್ಲಿ ಒಬ್ಬಾಳಿನ ದಿನದ ಲೋಡು 12.5 ಟನ್‌ನಿಂದ 47.5 ಟನ್‌ಗೆ ಏರಿತು, ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು ಎಂದು ಟೇಲರ್ ಬರೆದಿದ್ದಾರೆ. ಈ ಕಥೆಯ ವಿವರಗಳನ್ನು ಆಮೇಲಿನ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಹಾಗಾಗಿ 'ಟೇಲರ್ ಪ್ರಕಾರ' ಅಂತ ಸೇರಿಸಿಯೇ ಬರೆಯಿರಿ. ನನಗೆ ಮುಖ್ಯ ಅನಿಸೋದು ಇನ್ನೊಂದು ಅಂಕಿ: 92 ಪೌಂಡ್‌ನ (ಸುಮಾರು 42 ಕೆಜಿ) ಗಟ್ಟಿ ಹೊರುವವನು ದಿನದ 43% ಹೊತ್ತು ಮಾತ್ರ ಹೊರೆ ಹೊತ್ತಿರಬೇಕು. ಸುಧಾರಿಸಿಕೊಳ್ಳುವ ಹೊತ್ತೂ ಟೇಲರ್ ಲೆಕ್ಕದಲ್ಲಿತ್ತು.

ಟೇಲರ್ 1911ರಲ್ಲಿ ಬರೆದ 'ದಿ ಪ್ರಿನ್ಸಿಪಲ್ಸ್ ಆಫ್ ಸೈಂಟಿಫಿಕ್ ಮ್ಯಾನೇಜ್‌ಮೆಂಟ್' ಪುಸ್ತಕದಲ್ಲಿರುವ ತತ್ವಗಳು ನಾಲ್ಕು. ರೂಢಿಯ ಬದಲು ಅಳತೆ, ಆಳನ್ನು ಆರಿಸಿ ತರಬೇತಿ ಕೊಡುವುದು, ಆಡಳಿತ ಮತ್ತು ಕಾರ್ಮಿಕರ ಸಹಕಾರ. ಇವು ಸುಲಭ. ನಾಲ್ಕನೆಯದು ಕೆಲಸದ ಹಂಚಿಕೆ: ಯೋಜನೆ ಆಡಳಿತದ್ದು, ಮಾಡುವುದು ಕಾರ್ಮಿಕರದ್ದು. ತಕರಾರು ಇರುವುದು ಇಲ್ಲೇ. ವರ್ಷಗಟ್ಟಲೆ ದುಡಿದು ಕಲಿತ ಕೈಚಳಕ ಆಫೀಸಿನ ಕಾಗದಕ್ಕೆ ಹೋಗುತ್ತದೆ, ಕೆಲಸದವನಿಗೆ ಅಪ್ಪಣೆ ಮಾತ್ರ ಉಳಿಯುತ್ತದೆ. ಹೆಚ್ಚಿದ ಉತ್ಪಾದನೆಯಷ್ಟು ಕೂಲಿಯೂ ಹೆಚ್ಚಲಿಲ್ಲ, ಮೇಲಿನ ಅಂಕಿಗಳನ್ನೇ ಹೋಲಿಸಿ ನೋಡಿ.

1911ರ ಆಗಸ್ಟ್‌ನಲ್ಲಿ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಅಚ್ಚು ತಯಾರಿಸುವವರು ಸ್ಟಾಪ್‌ವಾಚ್ ವಿರೋಧಿಸಿ ಕೆಲಸ ಬಿಟ್ಟು ಹೊರನಡೆದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು, ಟೇಲರ್‌ರನ್ನೂ ಕರೆಸಿ ಕೇಳಿತು. ಕೆಲ ವರ್ಷಗಳಲ್ಲೇ ಇಂಥ ಸಮಯ ಅಳತೆಗೆ ಸೇನೆಯ ಹಣ ಬಳಸಬಾರದೆಂದು ನಿಷೇಧಿಸಿತು.