ಕೂದಲು ಕಳೆದುಕೊಂಡದ್ದು ಯಾರು?

ಉತ್ತರ ಪತ್ರಿಕೆ ತಿದ್ದಲು ಕೂತಾಗ ಪ್ರತಿ ವರ್ಷ ಒಂದೇ ಥರದ ಪ್ಯಾರಾ ಎದುರಾಗುತ್ತದೆ. ‘ಈ ಲೇಖಕರು ಇಂಥ ಇಸವಿಯಲ್ಲಿ, ಇಂಥ ಊರಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬಡತನದಲ್ಲಿ ಬೆಳೆದರು.’ ಆಮೇಲೆ ಒಂದು ಸಾಲು ಖಾಲಿ. ಅದರ ಕೆಳಗೆ ಕಾದಂಬರಿಯ ಸಾರಾಂಶ. ಎರಡೂ ಅಕ್ಕಪಕ್ಕದ ಮನೆಯವರ ಹಾಗೆ ಇವೆ, ಆದರೆ ಮಾತುಕತೆ ಇಲ್ಲ. ಇದು ಬರೆದ ಮಕ್ಕಳ ತಪ್ಪಲ್ಲ. ನಾವು ಪಾಠ ಮಾಡುವುದೇ ಹಾಗೆ.

ಎಂ.ಎ. ತರಗತಿಗೆ ಅಮೆರಿಕನ್ ಸಾಹಿತ್ಯವನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿದ್ದೇನೆ. ಈಗ ನಾನು ಮಾಡುವುದು ಇಷ್ಟು. ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಬದುಕಿನಲ್ಲಿ ಆದದ್ದು, ಬಲಕ್ಕೆ ಕಾದಂಬರಿಯಲ್ಲಿ ಬಂದದ್ದು. ಎರಡೂ ತಾಳೆಯಾಗುವ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಾಳೆಯಾಗದ ಕಡೆ ನಿಲ್ಲುತ್ತೇನೆ. ಲೇಖಕ ಕೈ ಹಾಕಿ ಏನನ್ನೋ ಬದಲಾಯಿಸಿದ ಜಾಗ ಅದು. ಅವನ ನೋವು, ನಾಚಿಕೆ, ಆಸೆ ಎಲ್ಲ ಅಲ್ಲಿ ಸಿಗುತ್ತದೆ.

ಲೂಯಿಸಾ ಮೇ ಆಲ್ಕಾಟ್ ಬರೆದ ‘ಲಿಟಲ್ ವಿಮೆನ್’ ನೋಡಿ. 1868ರ ಕಾದಂಬರಿ. ನಾಲ್ಕು ಜನ ಅಕ್ಕತಂಗಿಯರು, ಅವರ ತಾಯಿ. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲ. ಅಪ್ಪ ಸೈನ್ಯದ ಪಾದ್ರಿಯಾಗಿ ದೂರ ಹೋಗಿದ್ದಾನೆ. ಮನೆಯಲ್ಲಿ ಕಾಸಿಲ್ಲ. ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಅಪ್ಪನಿಗೆ ಕಾಯಿಲೆ ಜೋರಾಗಿದೆ ಅಂತ ತಂತಿ ಬರುತ್ತದೆ. ತಾಯಿ ಹೊರಡಬೇಕು, ದುಡ್ಡು ಬೇಕು. ಎರಡನೇ ಮಗಳು ಜೋ ಸುಮ್ನೆ ಹೊರಗೆ ಹೋಗಿ, ತನ್ನ ಉದ್ದ ಕೂದಲನ್ನು 25 ಡಾಲರಿಗೆ ಮಾರಿ ಬರುತ್ತಾಳೆ. ಒಮ್ಮೆ ಓದಿದವರು ಆ ದೃಶ್ಯವನ್ನು ಮರೆಯುವುದಿಲ್ಲ.

ಈಗ ಗೆರೆಯ ಎಡಗಡೆಗೆ ಬನ್ನಿ. ಲೂಯಿಸಾಳ ಅಪ್ಪ ಬ್ರಾನ್ಸನ್ ಆಲ್ಕಾಟ್ ಯುದ್ಧಕ್ಕೆ ಹೋಗಲೇ ಇಲ್ಲ. ಹೋದವಳು ಲೂಯಿಸಾ. 1862ರ ಡಿಸೆಂಬರಿನಲ್ಲಿ, ಮೂವತ್ತು ತುಂಬಿದ ಹೊಸದರಲ್ಲಿ, ನರ್ಸ್ ಆಗಿ ವಾಷಿಂಗ್ಟನ್ ಪಕ್ಕದ ಜಾರ್ಜ್‌ಟೌನಿನ ಒಂದು ಮಿಲಿಟರಿ ಆಸ್ಪತ್ರೆಗೆ ಸೇರಿದಳು. ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ ಗಾಯಗೊಂಡವರು ಗಾಡಿಗಟ್ಟಲೆ ಬಂದಿಳಿಯುತ್ತಿದ್ದ ದಿನಗಳವು. ಕೆಲವೇ ವಾರಗಳಲ್ಲಿ ಅವಳಿಗೇ ಟೈಫಾಯ್ಡ್ ಬಂತು. ಅಪ್ಪ ಹೋಗಿ ಕರೆದುಕೊಂಡು ಬಂದ. ಆ ಜ್ವರದಲ್ಲಿ ಅವಳ ಉದ್ದ ಕೂದಲನ್ನು ಕತ್ತರಿಸಿಬಿಟ್ಟರು. ಔಷಧಿ ಅಂತ ಕೊಟ್ಟದ್ದು ಪಾದರಸದ ಕ್ಯಾಲೊಮೆಲ್. ಅವಳ ಆರೋಗ್ಯ ಮತ್ತೆ ಮೊದಲಿನಂತಾಗಲಿಲ್ಲ.

ಯುದ್ಧ, ವಾಷಿಂಗ್ಟನ್, ಆಸ್ಪತ್ರೆ, ಹೋದ ಕೂದಲು. ಎಲ್ಲವೂ ಕಾದಂಬರಿಯಲ್ಲಿ ಇದೆ. ಆದರೆ ಕಾಯಿಲೆ ಮಲಗಿದವರು ಬೇರೆ. ಮಗಳ ಜಾಗಕ್ಕೆ ಅಪ್ಪ ಬಂದಿದ್ದಾನೆ. ಯಾಕೆ?

ಬ್ರಾನ್ಸನ್ ದೊಡ್ಡ ಆದರ್ಶದ ಮನುಷ್ಯ. ಗುಲಾಮಗಿರಿಯನ್ನು ಗಟ್ಟಿಯಾಗಿ ವಿರೋಧಿಸಿದವನು. ಆದರೆ ದುಡಿದು ಸಂಸಾರ ಸಾಕುವುದು ಅವನಿಗೆ ಆಗಲಿಲ್ಲ. 1843ರಲ್ಲಿ ಗೆಳೆಯರೊಡನೆ ಸೇರಿ ಮ್ಯಾಸಚೂಸೆಟ್ಸ್‌ನಲ್ಲಿ ‘ಫ್ರೂಟ್‌ಲ್ಯಾಂಡ್ಸ್’ ಅಂತ ಒಂದು ಆಶ್ರಮದಂಥ ತೋಟ ಕಟ್ಟಿದ. ಅಲ್ಲಿ ಮಾಂಸ, ಹಾಲು ಏನೂ ಇಲ್ಲ. ಹತ್ತಿ ಬಟ್ಟೆ ಗುಲಾಮರ ದುಡಿಮೆ, ಅದೂ ಬೇಡ. ಎತ್ತು ಕುದುರೆಗಳ ಶ್ರಮವೂ ಬೇಡ ಅನ್ನುವುದು ಆಸೆ. ಬಾರ್ಲಿ ಕೊಯ್ಲಿಗೆ ಬಂದಾಗ ಗಂಡಸರು ಉಪನ್ಯಾಸಕ್ಕೆ ಅಂತ ಊರೂರು ಹೋಗಿದ್ದರು. ಮಳೆ ಕವಿಯಿತು. ತಾಯಿ ಮತ್ತು ಮಕ್ಕಳು ಓಡಾಡಿ ಆದಷ್ಟು ಬೆಳೆ ಒಳಗೆ ಹಾಕಿದರು. ಆಗ ಲೂಯಿಸಾಗೆ ಹತ್ತು ವರ್ಷ. ಏಳು ತಿಂಗಳಲ್ಲಿ ಎಲ್ಲ ಮುಗಿಯಿತು.

ಅಪ್ಪನನ್ನು ಅವಳು ಪ್ರೀತಿಸುತ್ತಿದ್ದಳು, ಕೊನೆವರೆಗೂ ನೋಡಿಕೊಂಡಳು. ಅದಕ್ಕೇ ನನಗೆ ಹೀಗನ್ನಿಸುತ್ತದೆ. ಅಪ್ಪ ಮನೆಯಲ್ಲೇ ಇದ್ದರೆ ಓದುವವರು ಕೇಳುತ್ತಾರೆ, ಇವನು ಯಾಕೆ ದುಡಿಯುತ್ತಿಲ್ಲ ಅಂತ. ಯುದ್ಧಕ್ಕೆ ಕಳಿಸಿದರೆ ಬಡತನ ಯಾರ ತಪ್ಪೂ ಆಗುವುದಿಲ್ಲ. ಅಪ್ಪನ ಮಾನ ಉಳಿಯುತ್ತದೆ. ಹೆಂಗಸರು ಮನೆ ನಡೆಸಿದ ರೀತಿಯೂ ಪೂರ್ತಿ ಕಣ್ಣಿಗೆ ಬೀಳುತ್ತದೆ. ತಂಗಿ ಬೆತ್‌ಳ ಭಾಗದಲ್ಲಿ ಅವಳು ಹೆಚ್ಚು ಬದಲಾಯಿಸಲಿಲ್ಲ. ಬಡವರ ಮನೆಯಿಂದ ಸ್ಕಾರ್ಲೆಟ್ ಜ್ವರ ತಗುಲಿಸಿಕೊಂಡು, ಸವೆದು ಸವೆದು 1858ರಲ್ಲಿ ತೀರಿಹೋದ ಎಲಿಜಬೆತ್ ಅವಳ ಸ್ವಂತ ತಂಗಿ. ಅಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ.

ನಥಾನಿಯಲ್ ಹಾಥಾರ್ನ್‌ನದು ಇನ್ನೂ ಹಳೆಯ ಗಾಯ. ಅವನು ಹುಟ್ಟಿದ್ದು 1804ರಲ್ಲಿ, ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ. 1692ರಲ್ಲಿ ಮಾಟಗಾತಿಯರು ಅಂತ ಹಣೆಪಟ್ಟಿ ಹಚ್ಚಿ 19 ಜನರನ್ನು ಗಲ್ಲಿಗೇರಿಸಿದ ಊರು ಅದು. ಆ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಜಾನ್ ಹಾಥಾರ್ನ್ ಒಬ್ಬ. ಲೇಖಕನ ಮುತ್ತಜ್ಜನ ತಂದೆ. ಅದೇ ಗುಂಪಿನ ಇನ್ನೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂಯಲ್ 1697ರಲ್ಲಿ ಬಾಸ್ಟನ್ನಿನ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತ. ಅವನ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿದ. ಜಾನ್ ಹಾಥಾರ್ನ್ ಅಂಥ ಕೆಲಸ ಮಾಡಲಿಲ್ಲ.

1849ರಲ್ಲಿ ನಥಾನಿಯಲ್ ಸೇಲಂನ ಸುಂಕದ ಕಚೇರಿಯ ಅಧಿಕಾರಿ. ಅಧ್ಯಕ್ಷ ಬದಲಾದ, ಪಕ್ಷ ಬದಲಾಯಿತು, ಇವನ ಕೆಲಸ ಹೋಯಿತು. ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡಳು. ಮರುವರ್ಷ ಮಾರ್ಚಿನಲ್ಲಿ ‘ದಿ ಸ್ಕಾರ್ಲೆಟ್ ಲೆಟರ್’ ಹೊರಬಂತು. ಮುನ್ನುಡಿಯಲ್ಲೇ ಅವನು ಹಿರಿಯರ ಪಾಪದ ನಾಚಿಕೆಯನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಆದರೆ ಕಥೆಯಲ್ಲಿ ಮಾಟಗಾತಿಯರ ವಿಚಾರಣೆ ಇಲ್ಲ. ಅದು ಆ ವಿಚಾರಣೆಗಿಂತ ಸುಮಾರು ಐವತ್ತು ವರ್ಷ ಹಿಂದಿನ ಬಾಸ್ಟನ್. ಹೆಸ್ಟರ್ ಅನ್ನುವ ಹೆಂಗಸು ಎದೆಯ ಮೇಲೆ ವ್ಯಭಿಚಾರದ ಗುರುತಾದ ಕೆಂಪು ‘ಎ’ ಅಕ್ಷರ ಹೊತ್ತು, ಶಿಕ್ಷೆಯ ಕಟ್ಟೆಯ ಮೇಲೆ ಊರ ಮುಂದೆ ನಿಂತಿದ್ದಾಳೆ. ಅವಳ ಮಗುವಿನ ತಂದೆ, ಊರೆಲ್ಲ ಪೂಜಿಸುವ ಪಾದ್ರಿ, ಏಳು ವರ್ಷ ಬಾಯಿ ಬಿಡುವುದಿಲ್ಲ. ಕೊನೆಗೆ ಅದೇ ಕಟ್ಟೆ ಹತ್ತಿ ಎಲ್ಲರೆದುರು ಒಪ್ಪಿಕೊಂಡು ಪ್ರಾಣ ಬಿಡುತ್ತಾನೆ. ಮುತ್ತಜ್ಜನ ತಂದೆ ಏರದ ಕಟ್ಟೆಗೆ ನಥಾನಿಯಲ್ ಈ ಪಾದ್ರಿಯನ್ನು ಹತ್ತಿಸಿದ ಅಂತ ನಾನು ಓದುತ್ತೇನೆ. ಆ ಕೊನೆಯ ದೃಶ್ಯ ಹೀಗೆ ಓದಿದಾಗ ಎಷ್ಟು ಭಾರ ಅನ್ನಿಸುತ್ತದೆ ಅಲ್ವಾ?

ಹರ್ಮನ್ ಮೆಲ್ವಿಲ್ ಬಗ್ಗೆ ಎರಡು ಮಾತು. 1841ರ ಜನವರಿಯಲ್ಲಿ ಅವನು ‘ಅಕುಷ್ನೆಟ್’ ಅನ್ನುವ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಹದಿನೆಂಟು ತಿಂಗಳಾದ ಮೇಲೆ ಪೆಸಿಫಿಕ್‌ನ ಒಂದು ದ್ವೀಪದಲ್ಲಿ ಗೆಳೆಯನ ಜೊತೆ ಹಡಗು ಬಿಟ್ಟು ಓಡಿಹೋದ. ಹತ್ತು ವರ್ಷದ ಮೇಲೆ ಬರೆದ ‘ಮೋಬಿ ಡಿಕ್’ನಲ್ಲಿ ಕಥೆ ಹೇಳುವವನು ಓಡಿಹೋಗುವುದಿಲ್ಲ. ಒಂದು ಬಿಳಿ ತಿಮಿಂಗಿಲದ ಮೇಲಿನ ಹಗೆಯಿಂದ ಹಡಗಿನ ಕ್ಯಾಪ್ಟನ್ ಏಹಬ್‌ಗೆ ತಲೆ ಕೆಟ್ಟಿದೆ ಅಂತ ಗೊತ್ತು. ಕ್ಯಾಪ್ಟನ್ನಿನ ಕೆಳಗಿನ ಮೊದಲ ಅಧಿಕಾರಿ ಸ್ಟಾರ್‌ಬಕ್ ಬಂದೂಕು ಹಿಡಿದು ಅವನ ಕೋಣೆಯ ಬಾಗಿಲಲ್ಲೇ ನಿಲ್ಲುತ್ತಾನೆ, ಆದರೆ ಗುಂಡು ಹಾರಿಸುವುದಿಲ್ಲ. ಎಲ್ಲರೂ ಮುಳುಗುತ್ತಾರೆ, ಒಬ್ಬ ಉಳಿಯುತ್ತಾನೆ. ಅದು 1851. ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ವಾಪಸ್ ಕೊಡಬೇಕು ಅನ್ನುವ ಕಾನೂನು ಬಂದ ಮರುವರ್ಷ. ಆ ವರ್ಷವೇ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ, ಥಾಮಸ್ ಸಿಮ್ಸ್ ಎಂಬ ಯುವಕನನ್ನು ಬಿಡಿಸಲು ಒಪ್ಪಲಿಲ್ಲ. ಸಿಮ್ಸ್‌ನನ್ನು ಜಾರ್ಜಿಯಾಕ್ಕೆ ಸಾಗಿಸಿದರು. ಶಾ ಗುಲಾಮಗಿರಿಯನ್ನು ಮೆಚ್ಚುತ್ತಿದ್ದವನಲ್ಲ. ಕಾನೂನಿಗೆ ತಲೆ ಬಾಗಿದವನು. ಮತ್ತು ಮೆಲ್ವಿಲ್‌ನ ಮಾವ. ಸ್ಟಾರ್‌ಬಕ್ ಬಂದೂಕು ಕೆಳಗಿಡುವ ಪುಟ ಓದುವಾಗ ನನಗೆ ಶಾ ನೆನಪಾಗುತ್ತಾನೆ.

ಮಾರ್ಕ್ ಟ್ವೇನ್‌ಗೆ ನಾನು ಮೂರು ಕ್ಲಾಸು ಕೊಡುತ್ತೇನೆ. ‘ಹಕಲ್‌ಬೆರಿ ಫಿನ್’ ಮಕ್ಕಳ ಸಾಹಸದ ಕಥೆ ಅಂದುಕೊಂಡು ಬರುವವರೇ ಜಾಸ್ತಿ. ಹೊಡೆಯುವ ಅಪ್ಪನಿಂದ ತಪ್ಪಿಸಿಕೊಂಡ ಹಕ್, ಯಜಮಾನಿಯಿಂದ ತಪ್ಪಿಸಿಕೊಂಡ ಗುಲಾಮ ಜಿಮ್, ಇಬ್ಬರೂ ತೆಪ್ಪದ ಮೇಲೆ ಮಿಸಿಸಿಪ್ಪಿ ನದಿಯಲ್ಲಿ ತೇಲುತ್ತಾ ಹೋಗುತ್ತಾರೆ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ: ‘ಸರ್, ನದಿಯ ಈಚೆ ಮಿಸೌರಿಯಲ್ಲಿ ಗುಲಾಮಗಿರಿ, ಆಚೆ ಇಲಿನಾಯ್‌ನಲ್ಲಿ ಇಲ್ಲ. ಜಿಮ್ ಸುಮ್ನೆ ಆಚೆ ದಡಕ್ಕೆ ಈಜಬಹುದಿತ್ತಲ್ವಾ?’

ಈ ಪ್ರಶ್ನೆಗೆ ಉತ್ತರ ಟ್ವೇನ್‌ನ ಬಾಲ್ಯದಲ್ಲೇ ಇದೆ. ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಬೆಳೆದದ್ದು ಮಿಸೌರಿಯ ಹ್ಯಾನಿಬಲ್‌ನಲ್ಲಿ, ನದಿ ದಡದಲ್ಲಿ. ಊರಲ್ಲಿ ಟಾಮ್ ಬ್ಲಾಂಕೆನ್‌ಶಿಪ್ ಅನ್ನುವ ಹರಕು ಬಟ್ಟೆಯ ಹುಡುಗ ಇದ್ದ. ಹಕ್‌ಗೆ ಅವನೇ ಮಾದರಿ ಅಂತ ಟ್ವೇನ್ ಆಮೇಲೆ ಹೇಳಿದ್ದಾನೆ. ಟಾಮ್‌ನ ಅಣ್ಣ ಬೆನ್ಸ್. 1847ರಲ್ಲಿ ಓಡಿಬಂದ ಗುಲಾಮನೊಬ್ಬ ಇಲಿನಾಯ್ ಕಡೆಯ ದ್ವೀಪದಲ್ಲಿ ಅಡಗಿದ್ದ. ಹಿಡಿದುಕೊಟ್ಟವರಿಗೆ ಬಹುಮಾನವಿತ್ತು. ಬೆನ್ಸ್ ಮನೆಯಲ್ಲಿ ತಿನ್ನಲು ಗತಿಯಿಲ್ಲ. ಆದರೂ ಅವನು ಯಾರಿಗೂ ಹೇಳದೆ ವಾರಗಟ್ಟಲೆ ಆ ಮನುಷ್ಯನಿಗೆ ಊಟ ಮುಟ್ಟಿಸಿದ. ಕೊನೆಗೆ ಮರ ಕಡಿಯುವವರಿಗೆ ಸುಳಿವು ಸಿಕ್ಕಿತು. ಅಟ್ಟಿಸಿಕೊಂಡು ಹೋದರು. ಅವನು ಜೌಗಿನಲ್ಲಿ ಮುಳುಗಿ ಸತ್ತ. ಕೆಲವು ದಿನಗಳ ಮೇಲೆ ಸ್ಯಾಮ್ ಮತ್ತು ಗೆಳೆಯರು ದೋಣಿಯಲ್ಲಿ ಅಲ್ಲಿಗೆ ಹೋದಾಗ ಹೆಣ ನೀರಿನಿಂದ ಮೇಲೆದ್ದು ಬಂತು. ಸ್ಯಾಮ್‌ಗೆ ಆಗ ಹನ್ನೊಂದು ವರ್ಷ.

‘ಗುಲಾಮಗಿರಿ ಇಲ್ಲದ’ ಆಚೆ ದಡ ಹೇಗಿತ್ತು ಅಂತ ಟ್ವೇನ್‌ಗೆ ಹೀಗೆ ಗೊತ್ತಾಗಿತ್ತು. ಇಲಿನಾಯ್‌ನಲ್ಲೂ ಸ್ವತಂತ್ರ ಅನ್ನುವ ಕಾಗದ ಇಲ್ಲದ ಕಪ್ಪು ಮನುಷ್ಯನನ್ನು ಹಿಡಿದು ಹಾಕುತ್ತಿದ್ದರು. ಅದಕ್ಕೇ ಜಿಮ್ ಆ ಕಡೆ ಈಜುವುದಿಲ್ಲ. ಕಾದಂಬರಿಯಲ್ಲಿ ದ್ವೀಪ ಹಾಗೇ ಉಳಿಯಿತು, ಅಡಗಿದವನೂ ಉಳಿದ, ಊಟ ಹಂಚಿಕೊಂಡ ಹುಡುಗನೂ ಉಳಿದ. ಬದಲಾದದ್ದು ಒಂದೇ. ಸತ್ತವನು ಕಾದಂಬರಿಯಲ್ಲಿ ಸಾಯುವುದಿಲ್ಲ.

ಸ್ಯಾಮ್‌ಗೆ ಆ ವಯಸ್ಸಿನಲ್ಲಿ ಗುಲಾಮಗಿರಿ ತಪ್ಪು ಅಂತ ಅನ್ನಿಸಿರಲಿಲ್ಲ. ಚರ್ಚಿನಲ್ಲೂ ಅದು ದೇವರ ಇಚ್ಛೆ ಅಂತಲೇ ಹೇಳುತ್ತಿದ್ದರು ಎಂದು ಅವನೇ ಬರೆದಿದ್ದಾನೆ. ಗುಲಾಮರನ್ನು ಓಡಿಸಲು ಬಂದ ಮೂವರಿಗೆ 1841ರಲ್ಲಿ ಹನ್ನೆರಡು ವರ್ಷ ಜೈಲಾಯಿತು. ತಪ್ಪಿತಸ್ಥರು ಅಂದ ಜ್ಯೂರಿಯಲ್ಲಿ ಅವನ ಅಪ್ಪನೂ ಇದ್ದ. ಹಕ್ ಜಿಮ್‌ನನ್ನು ಹಿಡಿದುಕೊಡಲು ಕಾಗದ ಬರೆದು, ಕೈಯಲ್ಲಿ ಹಿಡಿದು ನಡುಗಿ, ನರಕಕ್ಕೇ ಹೋಗುತ್ತೇನೆ ಅಂತ ಹರಿದುಹಾಕುವ ಜಾಗ ಇದೆಯಲ್ಲ, ಅಲ್ಲಿ ಆ ಇಡೀ ಊರು ಇದೆ. ಜಿಮ್‌ಗೆ ನೆರವಾಗುವುದು ಪಾಪ ಅಂತಲೇ ಹಕ್ ನಂಬಿದ್ದಾನೆ. ನಂಬಿಕೊಂಡೇ ಆ ಪಾಪ ಮಾಡುತ್ತಾನೆ.

ನದಿಯ ವಿಷಯವನ್ನೂ ಹೇಳಬೇಕು. ಟ್ವೇನ್ 1857ರಿಂದ ಹಬೆ ದೋಣಿ ನಡೆಸುವ ಕೆಲಸ ಕಲಿತು, 1859ರಲ್ಲಿ ಪೈಲಟ್ ಲೈಸೆನ್ಸ್ ಪಡೆದ. ಸೇಂಟ್ ಲೂಯಿಸ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗಿನ ನೀರು ಅವನಿಗೆ ಬಾಯಿಪಾಠ. ಅವನ ಲೇಖನನಾಮವೇ ನದಿಯ ಆಳ ಅಳೆಯುವವರ ಕೂಗು: ಎರಡು ಫ್ಯಾದಮ್, ಅಂದರೆ 12 ಅಡಿ ನೀರು. ಹಕ್ ಮತ್ತು ಜಿಮ್ ಕೈರೋ ಊರಿನ ಹತ್ತಿರ ಒಹಾಯೋ ನದಿಗೆ ತಿರುಗಿ ಉತ್ತರಕ್ಕೆ ಹೋಗಬೇಕಿತ್ತು. ಮಂಜಿನಲ್ಲಿ ದಾರಿ ತಪ್ಪಿ ಇನ್ನೂ ದಕ್ಷಿಣಕ್ಕೆ, ಗುಲಾಮಗಿರಿಯ ಎದೆಯೊಳಕ್ಕೇ ಹೋಗುತ್ತಾರೆ. ಟ್ವೇನ್‌ಗೆ ಗೊತ್ತಿದ್ದ ನದಿ ಹರಿಯುವುದು ಆ ಕಡೆಗೆ. ಇದರ ಆಸುಪಾಸಿನಲ್ಲೇ ಅವನು ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟ. 1876ರಲ್ಲಿ ಶುರು ಮಾಡಿದ್ದು ಮುಗಿದದ್ದು 1883ರಲ್ಲಿ, ಹಿಂದಿನ ವರ್ಷ ಮತ್ತೆ ನದಿಯ ಮೇಲೆ ಪ್ರಯಾಣ ಮಾಡಿ ಬಂದ ಮೇಲೆ.

ಇನ್ನೊಬ್ಬ ವ್ಯಕ್ತಿಯನ್ನು ಬಿಡುವ ಹಾಗಿಲ್ಲ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಟ್ವೇನ್‌ನ ಹೆಂಡತಿಯ ಅಕ್ಕನ ತೋಟದ ಮನೆ ಇತ್ತು. ಬೇಸಿಗೆಯಲ್ಲಿ ಅವನು ಬರೆಯುತ್ತಿದ್ದದ್ದು ಅಲ್ಲಿ. ಅಡುಗೆ ಮಾಡುತ್ತಿದ್ದವಳು ಮೇರಿ ಆನ್ ಕಾರ್ಡ್, ಹಿಂದೆ ಗುಲಾಮಳಾಗಿದ್ದವಳು. ಸದಾ ನಗುತ್ತಿದ್ದ ಅವಳನ್ನು ಟ್ವೇನ್ ಒಂದು ಸಂಜೆ ಕೇಳಿದ, ನಿನಗೆ ಕಷ್ಟ ಅನ್ನುವುದೇ ಬಂದಿಲ್ವಲ್ಲ ಅಂತ. ಅವಳು ಎದ್ದು ನಿಂತು ಹೇಳಿದಳು. ಗಂಡನನ್ನು, ಏಳು ಮಕ್ಕಳನ್ನು ಹರಾಜಿನಲ್ಲಿ ಮಾರಿದ ದಿನದ ಕಥೆ. ಅದನ್ನು ಅವನು 1874ರಲ್ಲಿ ಅವಳ ಮಾತಿನ ಧಾಟಿಯಲ್ಲೇ ಬರೆದು ಪ್ರಕಟಿಸಿದ. ಎರಡು ವರ್ಷದ ಮೇಲೆ ಹಕ್ ಕಥೆ ಶುರುವಾಯಿತು. ಅದರಲ್ಲಿ ಜಿಮ್ ರಾತ್ರಿ ತಲೆ ತಗ್ಗಿಸಿ ಕೂತು, ಹೆಂಡತಿ ಮಕ್ಕಳನ್ನು ನೆನೆದು ಅಳುತ್ತಾನೆ. ಬಿಡುಗಡೆಯಾದರೆ ದುಡಿದು ಅವರನ್ನು ಕೊಂಡುಕೊಳ್ಳುತ್ತೇನೆ ಅನ್ನುತ್ತಾನೆ. ಆ ಧ್ವನಿಯನ್ನು ಟ್ವೇನ್ ಹ್ಯಾನಿಬಲ್‌ನಲ್ಲಿ ಕಲಿತಿರಲಿಲ್ಲ ಅಂತ ನನ್ನ ನಂಬಿಕೆ.

ಕಾದಂಬರಿಯ ಕೊನೆಯ ಭಾಗದ ಬಗ್ಗೆ ಜಗಳ ಇದ್ದೇ ಇದೆ. ಜಿಮ್ ಸಿಕ್ಕಿಬಿದ್ದು ಒಂದು ಗುಡಿಸಿನಲ್ಲಿ ಬಂದಿಯಾಗಿದ್ದಾನೆ. ಯಜಮಾನಿ ಸಾಯುವಾಗ ಅವನನ್ನು ಬಿಡುಗಡೆ ಮಾಡಿದ್ದಾಳೆ ಅಂತ ಹಕ್‌ನ ಗೆಳೆಯ ಟಾಮ್ ಸಾಯರ್‌ಗೆ ಗೊತ್ತು. ಆದರೂ ಹೇಳದೆ, ತಪ್ಪಿಸುವ ಆಟ ಆಡುತ್ತಾನೆ. ಓದಲು ಹಿಂಸೆಯಾಗುತ್ತದೆ, ಉದ್ದವೂ ಆಯಿತು. ಆದರೆ ಅದನ್ನು ಕಿತ್ತು ಹಾಕಬೇಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಾವಲಿದ್ದ ಕೇಂದ್ರದ ಸೈನ್ಯ 1877ರಲ್ಲಿ ಹಿಂದೆ ಸರಿಯಿತು. ಕಾನೂನಿನಲ್ಲಿ ಸ್ವತಂತ್ರರಾದ ಕಪ್ಪು ಜನರ ಓಟು, ಜಮೀನು, ಜೀವ ಎಲ್ಲ ಮತ್ತೆ ಹಳೆಯ ಯಜಮಾನರ ಕೈಗೆ ಹೋದವು. ಟ್ವೇನ್ ಈ ಪುಟಗಳನ್ನು ಬರೆದದ್ದು ಆಮೇಲೆ. ಕಾಗದದಲ್ಲಿ ಬಿಡುಗಡೆ, ಕಾಲಿಗೆ ಸರಪಳಿ.

ಆಟ ಮುಗಿದ ಮೇಲೆ, ತಾಳ್ಮೆಯ ಕೈದಿಯಾಗಿದ್ದಕ್ಕೆ ಟಾಮ್ ಜಿಮ್‌ಗೆ ನಲವತ್ತು ಡಾಲರ್ ಕೊಡುತ್ತಾನೆ. ಜಿಮ್ ಖುಷಿಪಡುತ್ತಾನೆ. ಅವನ ಹೆಂಡತಿ ಮಕ್ಕಳ ಸುದ್ದಿ ಕೊನೆಯ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಮೇರಿ ಆನ್‌ಗೆ ಯುದ್ಧದ ಕಾಲದಲ್ಲಿ ಏಳರಲ್ಲಿ ಒಬ್ಬ ಮಗ, ಹೆನ್ರಿ, ಮತ್ತೆ ಸಿಕ್ಕಿದ್ದ.